ಆ ಇಪ್ಪತ್ತು ಸೆಕೆಂಡಿಗೆ ಕಾಯುವವರು

ಸಿನಿಮಾ ನೋಡಿ ಹೊರಗೆ ಬಂದಿರುತ್ತೀರಿ. ಒಂದು ಟ್ಯೂನ್ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ದೊಡ್ಡ ದೃಶ್ಯದ್ದೇನೂ ಅಲ್ಲ. ಯಾರೋ ಬಾಗಿಲು ದಾಟಿ ಹೋಗುವಾಗ ಒಂದು ವಾದ್ಯ ಮೆಲ್ಲಗೆ ನುಡಿದು ನಿಂತಿತ್ತು, ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಆಲ್ಬಂ ತರಿಸುತ್ತೀರಿ. ಮೊದಲಿಂದ ಕೊನೆಯವರೆಗೆ ಕೇಳುತ್ತೀರಿ. ಯುದ್ಧದ ಸಂಗೀತ ಇದೆ, ಮುಖ್ಯ ಥೀಮ್ ಇದೆ, ಕೊನೆಯ ಹಾಡೂ ಇದೆ. ಆ ಇಪ್ಪತ್ತು ಸೆಕೆಂಡು ಮಾತ್ರ ಇಲ್ಲ. ಎಲ್ಲೋ ಗಮನ ತಪ್ಪಿತೇನೋ ಅಂತ ಇನ್ನೊಂದು ಸಲ ಕೇಳುತ್ತೀರಿ. ಆಗಲೂ ಇಲ್ಲ. ನಿಮಗೂ ಹೀಗೆ ಆಗಿದೆ ಅಲ್ವಾ?

ನಾನು ಇವತ್ತು ಮಾತಾಡುವುದು ಆ ಇಪ್ಪತ್ತು ಸೆಕೆಂಡಿನ ಬಗ್ಗೆ. ಹಳೆಯ ಫ್ಯಾಂಟಸಿ ಸಿನಿಮಾ ಒಂದರ ಪೂರ್ತಿ ಸಂಗೀತ ಬರುತ್ತದಂತೆ ಅನ್ನುವ ಸುದ್ದಿ ಸಿಕ್ಕರೆ ನಮ್ಮಂಥವರಿಗೆ ಅವತ್ತು ಬೇರೆ ಕೆಲಸ ಓಡುವುದಿಲ್ಲ. ಮನೆಯವರು ಕೇಳುತ್ತಾರೆ, "ಅದೇ ಸಂಗೀತ ತಾನೇ? ಒಂದು ಸಲ ತಗೊಂಡಾಗಿದೆಯಲ್ಲ, ಮತ್ತೆ ಯಾಕೆ?" ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದು ಅದೇ ಸಂಗೀತ ಅಲ್ಲ. ಒಂದು ಕಾದಂಬರಿಯಿಂದ ಚೆನ್ನಾಗಿರುವ ಐದು ಅಧ್ಯಾಯ ಮಾತ್ರ ಆರಿಸಿ ಪುಸ್ತಕ ಮಾಡಿದರು ಅಂದುಕೊಳ್ಳಿ. ಐದೂ ಚೆನ್ನಾಗಿರಬಹುದು. ಆದರೆ ಕತೆ ಎಲ್ಲಿ ಹೋಯಿತು? ನಾವು ಕಾಯುವುದು ಉಳಿದ ಅಧ್ಯಾಯಗಳಿಗೆ.

ಬೇರೆ ಸಿನಿಮಾಗಳಿಗಿಂತ ಫ್ಯಾಂಟಸಿಗೆ ಈ ಮಾತು ಜಾಸ್ತಿ ಅನ್ವಯಿಸುತ್ತದೆ. ಯಾಕೆ ಅಂದರೆ, ಅಲ್ಲಿ ತೋರಿಸುವ ಊರು ಎಲ್ಲೂ ಇಲ್ಲ. ಆ ಭಾಷೆ ಯಾರೂ ಆಡುವುದಿಲ್ಲ. ಇವರು ಯಾವ ಕುಲದವರು, ಈ ಕೋಟೆ ಯಾರದ್ದು, ಈ ವಸ್ತು ಒಳ್ಳೆಯದೋ ಕೆಟ್ಟದ್ದೋ ಅಂತ ಪ್ರತಿ ಸಲ ಬಾಯಿಬಿಟ್ಟು ಹೇಳುತ್ತಾ ಕೂತರೆ ಸಿನಿಮಾ ಮುಂದಕ್ಕೇ ಹೋಗುವುದಿಲ್ಲ. ಆ ಕೆಲಸ ಸಂಗೀತ ಮಾಡುತ್ತದೆ. ನಮಗೆ ಗೊತ್ತೇ ಆಗದ ಹಾಗೆ ಮಾಡುತ್ತದೆ.

ಒಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. 2001ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಮೊದಲ ಸಿನಿಮಾ ಬಂತು. ಸಂಗೀತ ಹೋವರ್ಡ್ ಶೋರ್ ಅವರದ್ದು. ಸಿನಿಮಾ ಹತ್ತಿರ ಹತ್ತಿರ 3 ಗಂಟೆ. ಆಗ ಬಂದ ಆಲ್ಬಂ ಸುಮಾರು 71 ನಿಮಿಷ. ಆ ಸಂಗೀತಕ್ಕೆ ಆಸ್ಕರ್ ಬಂತು, ಆಲ್ಬಂ ಚೆನ್ನಾಗಿ ಓಡಿತು. ಯಾರೂ ದೂರುವ ಹಾಗಿರಲಿಲ್ಲ.

ಆದರೆ ಆ ಸಿನಿಮಾದಲ್ಲಿ ಒಂಬತ್ತು ಜನರ ತಂಡಕ್ಕೆ ಒಂದು ಥೀಮ್ ಇದೆ, ಅಂದರೆ ಅವರಿಗೇ ಮೀಸಲಾದ, ಮತ್ತೆ ಮತ್ತೆ ಬರುವ ಟ್ಯೂನ್. ನಿಮ್ಮಲ್ಲಿ ಬಹಳ ಜನರಿಗೆ ಅದು ಬಾಯಿಪಾಠ. ಶೋರ್ ಅದನ್ನು ಮೊದಲೇ ಪೂರ್ತಿ ಕೊಡುವುದಿಲ್ಲ. ಕತೆಯ ನಾಯಕ ಫ್ರೋಡೊ, ಅವನ ಗೆಳೆಯ ಸ್ಯಾಮ್ ಇಬ್ಬರೇ ಮನೆ ಬಿಟ್ಟು ಹೊರಟಾಗ ಅದರ ಒಂದು ತುಣುಕು ಮಾತ್ರ, ಅದೂ ಮೆಲ್ಲಗೆ. ದಾರಿಯಲ್ಲಿ ಜನ ಕೂಡಿಕೊಳ್ಳುತ್ತಾ ಹೋದ ಹಾಗೆ ಥೀಮ್ ಕೂಡ ಮೈತುಂಬಿಕೊಳ್ಳುತ್ತದೆ. ರಿವೆಂಡೆಲ್‌ನ ಸಭೆಯಲ್ಲಿ ಒಂಬತ್ತು ಜನ ಸೇರಿದ ಮೇಲೆಯೇ ಅದು ತಲೆ ಎತ್ತಿ ನಿಲ್ಲುವುದು. ಆಮೇಲೆ ಮೋರಿಯಾದ ಗಣಿಯಲ್ಲಿ ತಂಡದ ಮಾಂತ್ರಿಕ ಗ್ಯಾಂಡಾಲ್ಫ್ ಬೀಳುತ್ತಾನೆ. ಅಲ್ಲಿಂದ ಥೀಮ್ ಮತ್ತೆ ಒಡೆಯುತ್ತಾ ಹೋಗುತ್ತದೆ. ತಂಡ ಒಡೆದ ಹಾಗೆ ಅದರ ಟ್ಯೂನ್ ಕೂಡ ಒಡೆಯುತ್ತದೆ. ಎಂಥ ಯೋಚನೆ ನೋಡಿ. 71 ನಿಮಿಷದ ಆಲ್ಬಂನಲ್ಲಿ ಥೀಮ್ ಸಿಗುತ್ತದೆ. ಅದು ಹುಟ್ಟಿ, ಬೆಳೆದು, ಮುರಿದ ದಾರಿ ಪೂರ್ತಿ ಸಿಗುವುದಿಲ್ಲ.

ಇನ್ನೊಂದು ಎಳೆ ಹೇಳಿಬಿಡುತ್ತೇನೆ. ಗೊಂಡೋರ್ ರಾಜ್ಯದ ಥೀಮ್. ಮೂರನೇ ಸಿನಿಮಾದಲ್ಲಿ ಅದು ಬೆಟ್ಟದ ಮೇಲಿನ ನಗರದ ಜೊತೆ ದೊಡ್ಡದಾಗಿ ಬರುತ್ತದೆ, ಮೈ ಜುಮ್ಮೆನ್ನುತ್ತದೆ. ಆದರೆ ಅದು ಅಲ್ಲಿ ಹುಟ್ಟಿದ್ದಲ್ಲ. ಮೊದಲ ಸಿನಿಮಾದ ಸಭೆಯಲ್ಲಿ, ಒಂಬತ್ತು ಜನರಲ್ಲಿ ಒಬ್ಬನಾದ ಗೊಂಡೋರ್‌ನ ಬೊರೊಮಿರ್ ತನ್ನ ನಾಡಿನ ಬಗ್ಗೆ ಮಾತಾಡುವಾಗಲೇ ಅದು ಹಿಂದೆ ಕೇಳಿಸುತ್ತದೆ. ಅವನು ಎಷ್ಟು ಹಂಬಲದಿಂದ ತನ್ನ ಊರನ್ನು ನೆನೆಸಿಕೊಳ್ಳುತ್ತಿದ್ದಾನೆ ಅಂತ ಸಂಗೀತ ಹೇಳಿಬಿಟ್ಟಿರುತ್ತದೆ. ಎರಡು ವರ್ಷ ಬಿಟ್ಟು ಬರುವ ಸಿನಿಮಾಕ್ಕೆ ಅಲ್ಲೇ ಬೀಜ ಹಾಕಿದ್ದಾರೆ. ಇದು ಗೊತ್ತಾದ ಮೇಲೆ ನನಗೆ ಬೊರೊಮಿರ್ ಬೇರೆಯೇ ಮನುಷ್ಯನಾಗಿ ಕಂಡ. ಅವನನ್ನು ಸುಮ್ನೆ ಆಸೆಬುರುಕ ಅಂದುಕೊಂಡಿದ್ದೆ. ಊರಿಗಾಗಿ ಸಂಕಟಪಡುತ್ತಿದ್ದ ಮಗ ಅವನು.

2005ರ ಕೊನೆಗೆ ಮೊದಲ ಸಿನಿಮಾದ ಪೂರ್ತಿ ಧ್ವನಿಮುದ್ರಣ ಬಂತು. 3 ಸಿಡಿ, ಜೊತೆಗೆ ಒಂದು ಡಿವಿಡಿ, ಒಟ್ಟು ಸುಮಾರು 180 ನಿಮಿಷ. 2006ರಲ್ಲಿ ಎರಡನೆಯದು, 2007ರಲ್ಲಿ ಮೂರನೆಯದು. ಮೂರೂ ಸೇರಿದರೆ ಹೆಚ್ಚುಕಡಿಮೆ 10 ಗಂಟೆಯ ಸಂಗೀತ. ಡಗ್ ಆಡಮ್ಸ್ ಅನ್ನುವವರು ಅದಕ್ಕೆ ಟಿಪ್ಪಣಿ ಬರೆದರು. ಯಾವ ಥೀಮ್ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಿರುಗುತ್ತದೆ ಅಂತ ಎಳೆಎಳೆಯಾಗಿ ಬಿಡಿಸಿಟ್ಟರು. 2010ರಲ್ಲಿ ಅದೇ ದೊಡ್ಡ ಪುಸ್ತಕವೂ ಆಯಿತು. ಆ ಟಿಪ್ಪಣಿ ಕೈಯಲ್ಲಿ ಹಿಡಿದು ಮೊದಲ ಡಿಸ್ಕ್ ಕೇಳಿದ ರಾತ್ರಿ ನನಗೆ ಇನ್ನೂ ನೆನಪಿದೆ. ಸಿನಿಮಾವನ್ನು ಎಷ್ಟು ಸಲ ನೋಡಿದ್ದೆನೋ. ಅವತ್ತು ಹೊಸದಾಗಿ ಕತೆ ಕೇಳಿದ ಹಾಗಾಯಿತು.

ಹಾಗಾದರೆ ಮೊದಲೇ ಪೂರ್ತಿ ಯಾಕೆ ಕೊಡಲಿಲ್ಲ? ಕೆಲವರು ತಕ್ಷಣ ದುಡ್ಡಿನಾಸೆ ಅನ್ನುತ್ತಾರೆ. ಅಷ್ಟು ಸುಲಭದ ಉತ್ತರ ಅಲ್ಲ ಇದು.

ಎಲ್‌ಪಿ ಕಾಲದಲ್ಲಿ ಒಂದು ತಟ್ಟೆಯ ಎರಡೂ ಬದಿ ಸೇರಿದರೆ 40-50 ನಿಮಿಷ. ಅಲ್ಲಿಗೆ ಮುಗಿಯಿತು. ಸಿಡಿ ಬಂದ ಮೇಲೆ ಜಾಗ ಹೆಚ್ಚಾಯಿತು, 74 ನಿಮಿಷ ಹಿಡಿಯುತ್ತಿತ್ತು. ಆದರೂ ಅಮೆರಿಕದಲ್ಲಿ ರೆಕಾರ್ಡ್ ಆದ ಎಷ್ಟೋ ಸಿನಿಮಾಗಳ ಸಿಡಿ 30 ನಿಮಿಷಕ್ಕೇ ಮುಗಿದುಹೋಗುತ್ತಿತ್ತು. ಕಾರಣ ವಾದ್ಯಗಾರರ ಸಂಭಾವನೆ. ಸಿನಿಮಾಕ್ಕೆ ಅಂತ ನುಡಿಸಿದ್ದನ್ನು ಆಲ್ಬಂಗೆ ಬಳಸಿದರೆ ಅವರ ಸಂಘದ ಒಪ್ಪಂದದ ಪ್ರಕಾರ ಮತ್ತೆ ದುಡ್ಡು ಕೊಡಬೇಕು. ನೂರು ಜನರ ಆರ್ಕೆಸ್ಟ್ರಾ ಅಂದರೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಆಲ್ಬಂ ಉದ್ದ ಆದಷ್ಟೂ ಖರ್ಚು ಜಾಸ್ತಿ. ಲಂಡನ್ನಿನಲ್ಲಿ ಆ ನಿಯಮ ಬೇರೆ ಇತ್ತು, ಅಲ್ಲಿ ರೆಕಾರ್ಡ್ ಆದವು ಉದ್ದವಾಗಿ ಬರುತ್ತಿದ್ದವು. ಇದರಲ್ಲಿ ನಾನು ವಾದ್ಯಗಾರರ ಪರ. ನಾವು ಪ್ರೀತಿಸುವ ಆ ಇಪ್ಪತ್ತು ಸೆಕೆಂಡು ಊದಿದವರು ಅವರು. ಅವರ ಪಾಲು ಅವರಿಗೆ ಸಿಗಲೇಬೇಕು.

ಇನ್ನೊಂದು ಕಾರಣ ಸಮಯ. ಸಿನಿಮಾ ಬಿಡುಗಡೆಯ ದಿನ ಆಲ್ಬಂ ಕೂಡ ಅಂಗಡಿಯಲ್ಲಿ ಇರಬೇಕು. ಅದಕ್ಕಾಗಿ ಡಿಸ್ಕ್ ವಾರಗಟ್ಟಲೆ ಮೊದಲೇ ಅಚ್ಚಿಗೆ ಹೋಗುತ್ತದೆ. ಅಷ್ಟರಲ್ಲಿ ಸಿನಿಮಾದ ಎಡಿಟಿಂಗೇ ಮುಗಿದಿರುವುದಿಲ್ಲ. ನಿರ್ದೇಶಕರು ಒಂದು ದೃಶ್ಯ ಮೊಟಕು ಮಾಡುತ್ತಾರೆ, ಸಂಯೋಜಕರು ಆ ಭಾಗ ಹೊಸದಾಗಿ ಬರೆಯುತ್ತಾರೆ. ಆಲ್ಬಂನಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. 1939ರ 'ದಿ ವಿಝರ್ಡ್ ಆಫ್ ಆಝ್' ನಿಮಗೆಲ್ಲ ಗೊತ್ತು. ಆ ಸಿನಿಮಾದ ಅಸಲಿ ಧ್ವನಿಪಟ್ಟಿಯಿಂದ ಮಾಡಿದ ಮೊದಲ ಆಲ್ಬಂ ಬಂದಿದ್ದು ಯಾವಾಗ? 1956ರಲ್ಲಿ. 17 ವರ್ಷ ಬಿಟ್ಟು. ಅದರಲ್ಲೂ ಹಾಡಿನ ಜೊತೆ ಮಾತುಗಳನ್ನು ಸೇರಿಸಿಬಿಟ್ಟಿದ್ದರು. ಹಿನ್ನೆಲೆ ಸಂಗೀತವೆಲ್ಲ ಸೇರಿದ ಎರಡು ಸಿಡಿಯ ಸೆಟ್ ಬರಲು 1995 ಆಗಬೇಕಾಯಿತು. ಮಧ್ಯದಲ್ಲಿ ಏನಾಯಿತು ಗೊತ್ತಾ? 1970ರ ಸುಮಾರಿಗೆ, ಆ ಸಿನಿಮಾ ತೆಗೆದ ಎಂಜಿಎಂ ಸ್ಟುಡಿಯೊ ತನ್ನ ಸಂಗೀತ ವಿಭಾಗದಲ್ಲಿದ್ದ ಸ್ವರಲಿಪಿಗಳನ್ನು ಎಸೆದುಬಿಟ್ಟಿತು. ವಾದ್ಯಗಾರರ ಮುಂದೆ ಇಡುವ ಹಾಳೆಗಳು, ದಶಕಗಳ ಕೆಲಸ, ಎಲ್ಲ ಕಸದ ಗುಂಡಿಗೆ ಹೋಯಿತು. ಧ್ವನಿಮುದ್ರಣ ಎಷ್ಟೋ ಉಳಿದಿದ್ದು ನಮ್ಮ ಪುಣ್ಯ.

ಆ ಸಿನಿಮಾಕ್ಕೆ 'ದಿ ಜಿಟರ್‌ಬಗ್' ಅನ್ನುವ ಹಾಡೊಂದನ್ನು ರೆಕಾರ್ಡ್ ಮಾಡಿ, ವಾರಗಟ್ಟಲೆ ಚಿತ್ರೀಕರಿಸಿ, ಕೊನೆಗೆ ಕತ್ತರಿಸಿದರು. ಆ ದೃಶ್ಯದ ಫಿಲ್ಮ್ ಈಗ ಇಲ್ಲ. ಸಂಯೋಜಕ ಹೆರಾಲ್ಡ್ ಆರ್ಲೆನ್ ತಮ್ಮ ಸ್ವಂತ ಕ್ಯಾಮೆರಾದಲ್ಲಿ ತೆಗೆದ ತಾಲೀಮಿನ ಚೂರು ಒಂದಿದೆ. ಹಾಡಿನ ಧ್ವನಿ ಇದೆ. ಈಗ ಸಿನಿಮಾ ಹಾಕಿ ನೋಡಿ. ಮಾಟಗಾತಿ ತನ್ನ ಕೋತಿ ಸೇನೆಗೆ ಅಪ್ಪಣೆ ಕೊಡುವಾಗ, ಮುಂಚೆಯೇ ಒಂದು ಸಣ್ಣ ಹುಳುವನ್ನು ಕಳಿಸಿದ್ದೇನೆ ಅಂತ ಹೇಳುತ್ತಾಳೆ. ಹುಳು ಬರುವುದೇ ಇಲ್ಲ! ಯಾವ ಹುಳು, ಎಲ್ಲಿಗೆ ಹೋಯಿತು ಅಂತ ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ. 1995ರ ಸೆಟ್ ಕೇಳಿದವರಿಗೆ ಗೊತ್ತು. ಆ ಹುಳುವೇ ಹಾಡಿನ ಜಿಟರ್‌ಬಗ್, ಅದು ಡಿಸ್ಕಿನಲ್ಲಿದೆ. ಸಿನಿಮಾದಲ್ಲಿ ಕಳೆದುಹೋದ ಕತೆಯ ಒಂದು ತುಂಡು ಸಂಗೀತದಲ್ಲಿ ಜೀವ ಹಿಡಿದುಕೊಂಡು ಕೂತಿದೆ. ವಿಸ್ತೃತ ಆವೃತ್ತಿ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಹುಳುವಿನ ಕತೆಯನ್ನೇ ಹೇಳುವುದು.

ಸರಿ, ಮತ್ತೆ ದಾರಿಗೆ ಬರೋಣ. ಸುದ್ದಿ ಬಂದ ಮೇಲೆ ಡಿಸ್ಕ್ ಬರುವುದಕ್ಕೆ ಯಾಕೆ ಇಷ್ಟು ತಡ ಅಂತ ಎಲ್ಲರೂ ಕೇಳುತ್ತಾರೆ. ತಡ ಆಗುವುದು ಎರಡು ಕಡೆ: ಟೇಪಿನಲ್ಲಿ, ಕಾಗದದಲ್ಲಿ.

ಮೊದಲು ಟೇಪ್ ಹುಡುಕಬೇಕು. ಎಪ್ಪತ್ತು, ಎಂಬತ್ತರ ದಶಕದ ಸಿನಿಮಾ ಅಂದರೆ ಅಗಲದ ಮ್ಯಾಗ್ನೆಟಿಕ್ ಟೇಪ್. ಆ ಕಾಲದ ಕೆಲವು ಟೇಪ್‌ಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿಕೊಂಡು ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಪುಡಿ ಉದುರಿ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ, ಸಂಗೀತ ಅಲ್ಲಿಗೆ ಹೋಯಿತು. ಅದಕ್ಕೆ ಅವನ್ನು ಸುಮಾರು 50-55 ಡಿಗ್ರಿ ಸೆಲ್ಸಿಯಸ್ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಬೇಕ್ ಮಾಡುವುದು ಅಂತಲೇ ಅದನ್ನು ಕರೆಯುತ್ತಾರೆ. ಒಣಗಿದ ಮೇಲೂ ಅದು ಶಾಶ್ವತವಾಗಿ ಸರಿಹೋಗುವುದಿಲ್ಲ. ಮತ್ತೆ ಜಿಗುಟಾಗುವುದರೊಳಗೆ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಆ ಕೋಣೆಯಲ್ಲಿ ಕೂತವರ ಎದೆ ಹೇಗೆ ಹೊಡೆದುಕೊಳ್ಳಬಹುದು ಯೋಚನೆ ಮಾಡಿ.

ಆಮೇಲೆ ಜೋಡಿಸುವ ಕೆಲಸ. ಸಿನಿಮಾ ಸಂಗೀತ ಸಣ್ಣ ಸಣ್ಣ ತುಂಡುಗಳಾಗಿ ರೆಕಾರ್ಡ್ ಆಗುತ್ತದೆ. ಒಂದೊಂದು ತುಂಡಿಗೂ ಕ್ಯೂ ಅನ್ನುತ್ತಾರೆ. ಪೆಟ್ಟಿಗೆಯ ಮೇಲೆ 3ಎಂ2 ಅಂತ ಬರೆದಿದ್ದರೆ ಮೂರನೇ ರೀಲಿನ ಎರಡನೇ ತುಂಡು ಅಂತ ಅರ್ಥ. ಒಂದೇ ಕ್ಯೂವನ್ನು ಹತ್ತಾರು ಸಲ ನುಡಿಸಿರುತ್ತಾರೆ. ಇವುಗಳಲ್ಲಿ ಸಿನಿಮಾದಲ್ಲಿ ಬಂದಿದ್ದು ಯಾವುದು? ಎಷ್ಟೋ ಸಲ ಮೊದಲರ್ಧ ಒಂದು ಟೇಕಿನದ್ದು, ಕೊನೆ ಇನ್ನೊಂದರದ್ದು ಆಗಿರುತ್ತದೆ. ಆಗಿನ ಎಡಿಟರ್ ಎಲ್ಲಿ ಕತ್ತರಿ ಹಾಕಿದರು ಅಂತ ಕಿವಿಯಿಂದಲೇ ಪತ್ತೆ ಹಚ್ಚಬೇಕು. ಒಳ್ಳೆಯ ಆಲ್ಬಂ ನಿರ್ಮಾಪಕರು ಬರೀ ಸಿನಿಮಾದಲ್ಲಿ ಇದ್ದಂತೆ ಜೋಡಿಸಿ ಸುಮ್ಮನಾಗುವುದಿಲ್ಲ. ಸಂಯೋಜಕರು ಬರೆದಿದ್ದು ಹೇಗೆ, ಸಿನಿಮಾದವರು ಕತ್ತರಿಸಿದ್ದು ಹೇಗೆ, ಇವೆರಡರ ನಡುವೆ ತೂಗಿ ನೋಡುತ್ತಾರೆ.

ಟೇಪಿನ ಕತೆಗಿಂತ ಕಾಗದದ ಕತೆ ಉದ್ದ. ಸಿನಿಮಾ ಒಬ್ಬರದ್ದು, ಹಳೆಯ ಆಲ್ಬಂನ ಹಕ್ಕು ಇನ್ನೊಂದು ಕಂಪನಿಯದ್ದು. ಆ ಕಂಪನಿಯನ್ನು ಮೂರನೆಯವರು ಕೊಂಡಿರುತ್ತಾರೆ. ಸಂಯೋಜಕರು ಒಪ್ಪಬೇಕು, ಅವರು ತೀರಿಕೊಂಡಿದ್ದರೆ ಮನೆಯವರು ಒಪ್ಪಬೇಕು. ಒಂದು ಸಹಿ ಸಿಗದೆ ಎಷ್ಟೋ ವರ್ಷ ನಿಂತುಹೋದ ಕೆಲಸಗಳಿವೆ.

'ವಿಲೋ' ಸಿನಿಮಾ 1988ರದ್ದು. ಜೇಮ್ಸ್ ಹಾರ್ನರ್ ಸಂಗೀತ, ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ್ದು. ಜಪಾನಿನ ಬಿದಿರು ಕೊಳಲು ಶಾಕುಹಾಚಿ ಅದರಲ್ಲಿ ಗಾಳಿ ಕತ್ತರಿಸಿದ ಹಾಗೆ ಬರುತ್ತದೆ, ಒಮ್ಮೆ ಕೇಳಿದರೆ ಮರೆಯಲಾಗದು. ಅದರ ವಿಸ್ತೃತ ಆವೃತ್ತಿ ಬಂದಿದ್ದು 2022ರಲ್ಲಿ. 34 ವರ್ಷ! ಹಾರ್ನರ್ 2015ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ಡಿಸ್ಕ್ ಅವರ ಕೈಗೆ ಸಿಗಲಿಲ್ಲವಲ್ಲ ಅನ್ನುವ ನೋವು ನನಗೆ ಇವತ್ತೂ ಇದೆ.

'ಹುಕ್' 1991ರದ್ದು, ಜಾನ್ ವಿಲಿಯಮ್ಸ್ ಸಂಗೀತ. ಮೊದಲು ಒಂದು ಸಿಡಿ. 2012ರಲ್ಲಿ ಎರಡು. 2023ರಲ್ಲಿ ಮೂರು. ಈ ಸಿನಿಮಾ ಶುರುವಿನಲ್ಲಿ ಹಾಡುಗಳಿಂದ ತುಂಬಿದ ಮ್ಯೂಸಿಕಲ್ ಆಗಬೇಕಿತ್ತು. ಲೆಸ್ಲಿ ಬ್ರಿಕಸ್ ಜೊತೆ ಸೇರಿ ವಿಲಿಯಮ್ಸ್ ಹಾಡು ಕಟ್ಟಿದ್ದರು. ಆಮೇಲೆ ಹೆಚ್ಚಿನವು ಬಿದ್ದುಹೋದವು, ಅವುಗಳ ಟ್ಯೂನ್ ಮಾತ್ರ ಹಿನ್ನೆಲೆ ಸಂಗೀತದೊಳಗೆ ಸೇರಿಕೊಂಡಿತು. ಆ ಸಿನಿಮಾದ ಸಂಗೀತ ಯಾಕೆ ಯಾವಾಗಲೂ ಬಾಯಿಬಿಟ್ಟು ಹಾಡಲು ಹೊರಟ ಹಾಗೆ ಕೇಳಿಸುತ್ತದೆ ಅನ್ನುವುದಕ್ಕೆ ಇದೇ ಕಾರಣ. ಪೂರ್ತಿ ಸಂಗೀತ ಸಾಲಾಗಿ ಕೇಳಿದರೆ ಮಾತಿಲ್ಲದ ಹಾಡು ಕೇಳಿದಂತೆಯೇ ಅನಿಸುತ್ತದೆ.

ಹ್ಯಾರಿ ಪಾಟರ್ ಸರಣಿಯಲ್ಲಿ ವಿಲಿಯಮ್ಸ್ ಸಂಗೀತ ಕೊಟ್ಟ ಮೊದಲ ಮೂರು ಸಿನಿಮಾಗಳ ಸೆಟ್ 2018ರಲ್ಲಿ ಬಂತು. 7 ಸಿಡಿ. 5000 ಪ್ರತಿ ಮಾತ್ರ. ಜಗತ್ತಿನಲ್ಲಿ ಹ್ಯಾರಿ ಪಾಟರ್ ಮೆಚ್ಚುವವರು ಎಷ್ಟು ಜನ, ಪ್ರತಿ ಎಷ್ಟು! ಇಂಥ ಸೆಟ್ ತರುವುದು ಸಣ್ಣ ಕಂಪನಿಗಳು. ಒಪ್ಪಂದದಲ್ಲೇ ಎಷ್ಟು ಪ್ರತಿ ಅಂತ ಮಿತಿ ಇರುತ್ತದೆ. ಮುಗಿದರೆ ಮುಗಿಯಿತು. ನಾನೂ ಒಂದು ಸೆಟ್ ಹೀಗೆ ಕಳಕೊಂಡಿದ್ದೇನೆ. ಆರ್ಡರ್ ಮಾಡಿ, ದುಡ್ಡು ಕಟ್ಟಿ, ಎರಡು ತಿಂಗಳು ಕಾದ ಮೇಲೆ ಸ್ಟಾಕ್ ಇಲ್ಲ ಅಂತ ದುಡ್ಡು ವಾಪಸ್ ಬಂತು. ಆಗ ತುಂಬ ಬೇಜಾರಾಗಿತ್ತು. ಗೆಳೆಯರೊಬ್ಬರು ತಮ್ಮದನ್ನು ತಂದು ಕೊಟ್ಟರು, "ಕೇಳಿ ಮುಗಿಸಿ ಕೊಡಿ, ಅವಸರ ಇಲ್ಲ" ಅಂದರು. ನಮ್ಮ ಈ ಸಣ್ಣ ಬಳಗದಲ್ಲಿ ನನಗೆ ಬಹಳ ಹಿಡಿಸುವುದು ಇದೇ. ಡಿಸ್ಕ್ ಸಿಕ್ಕವರು ಸಿಗದವರನ್ನು ಕರೆದು ಕೇಳಿಸುತ್ತಾರೆ.

ಪೂರ್ತಿ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಹತ್ತು ಸೆಕೆಂಡಿನ ಒಂದು ದಡ್ ಶಬ್ದಕ್ಕೆ ಬೇರೆ ಟ್ರ್ಯಾಕ್ ಕೊಟ್ಟರೆ ಕೇಳಲು ಕಷ್ಟ. ಕೆಲವು ಸಂಯೋಜಕರಿಗೆ ಚಿಕ್ಕ ಆಲ್ಬಂ ಮೇಲೆಯೇ ಪ್ರೀತಿ. ಸಿನಿಮಾದ ಕ್ರಮ ಬಿಟ್ಟು, ಕೂತು ಕೇಳಲು ಹದವಾಗುವ ಹಾಗೆ ತಾವೇ ಹೊಸದಾಗಿ ಜೋಡಿಸುತ್ತಾರೆ. ಅದೂ ಒಂದು ಕೃತಿಯೇ. ಒಳ್ಳೆಯ ಸೆಟ್‌ಗಳಲ್ಲಿ ಪೂರ್ತಿ ಸಂಗೀತದ ಜೊತೆ ಹಳೆಯ ಆಲ್ಬಂ ಕೂಡ ಇಟ್ಟಿರುತ್ತಾರೆ. ಎರಡೂ ಇದ್ದರೆ ಜಗಳವೇ ಇಲ್ಲ.

ಇನ್ನು 'ಲೆಜೆಂಡ್' ಅನ್ನುವ 1985ರ ಸಿನಿಮಾ ನೆನಪಾಗುತ್ತದೆ. ಜೆರ್ರಿ ಗೋಲ್ಡ್‌ಸ್ಮಿತ್ ಅದಕ್ಕೆ ಆರ್ಕೆಸ್ಟ್ರಾ, ಗಾಯಕವೃಂದ ಎಲ್ಲ ಇಟ್ಟು ದೊಡ್ಡ ಸಂಗೀತ ಮಾಡಿದ್ದರು. ಯುರೋಪಿನಲ್ಲಿ ಅದೇ ಇತ್ತು. ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಅದನ್ನು ತೆಗೆದು ಟ್ಯಾಂಜರೀನ್ ಡ್ರೀಮ್ ತಂಡದ ಸಿಂಥಸೈಜರ್ ಸಂಗೀತ ಹಾಕಿದರು. ಒಂದೇ ಕಾಡು, ಒಂದೇ ಯೂನಿಕಾರ್ನ್. ಆದರೆ ಒಂದರಲ್ಲಿ ಅದು ಅಜ್ಜಿಕತೆ, ಇನ್ನೊಂದರಲ್ಲಿ ಕನಸು. ಅಮೆರಿಕದ ಪ್ರೇಕ್ಷಕರಿಗೆ ಗೋಲ್ಡ್‌ಸ್ಮಿತ್ ಸಂಗೀತದ ಜೊತೆ ಸಿನಿಮಾ ಡಿವಿಡಿಯಲ್ಲಿ ಸಿಕ್ಕಿದ್ದು 2002ರಲ್ಲಿ. ಅಲ್ಲಿಯವರೆಗೆ ಆ ಸಂಗೀತವನ್ನು ಅವರಿಗೆ ತಲುಪಿಸಿದ್ದು ಡಿಸ್ಕ್. ಸಿನಿಮಾ ಕೈಬಿಟ್ಟಿದ್ದನ್ನು ಆಲ್ಬಂ ಉಳಿಸಿಕೊಂಡಿತ್ತು.

ಮಾತು ಶುರು ಮಾಡುವ ಮೊದಲು ಒಬ್ಬರು ನನ್ನ ಹತ್ತಿರ ಬಂದು ಕೇಳಿದರು: "ಸರ್, ದೊಡ್ಡ ಸೆಟ್ ಬಂದ ಮೇಲೆ ಹಳೆಯ ಆಲ್ಬಂ ಯಾರಿಗಾದರೂ ಕೊಟ್ಟುಬಿಡಬಹುದಾ?" ಉತ್ತರ ಎಲ್ಲರ ಮುಂದೆ ಹೇಳುತ್ತೇನೆ ಅಂದಿದ್ದೆ. ಆಲ್ಬಂ ಮೊದಲೇ ಅಚ್ಚಿಗೆ ಹೋಗುತ್ತದೆ ಅಂದೆನಲ್ಲ, ಅದು ಬೇಕಾಗುವುದು ಈಗ. 2001ರ ಆ ಆಲ್ಬಂನ ಮೊದಲ ಟ್ರ್ಯಾಕ್ 'ದಿ ಪ್ರಾಫೆಸಿ'. ಸಿನಿಮಾದ ಆರಂಭಕ್ಕೆ ಶೋರ್ ಮೊದಲು ಬರೆದ ಸಂಗೀತ ಅದರಲ್ಲಿದೆ. ಆಮೇಲೆ ಆ ಆರಂಭ ಬದಲಾಯಿತು, ಅವರು ಬೇರೆ ಬರೆದರು. 2005ರ ದೊಡ್ಡ ಸೆಟ್‌ನಲ್ಲಿರುವುದು ಸಿನಿಮಾದಲ್ಲಿ ನಾವು ಕೇಳುವ ಎರಡನೆಯದು. ಮೊದಲನೆಯದು ಅದರಲ್ಲಿ ಇಲ್ಲ. ಪೂರ್ತಿ ಅಂತ ಹೆಸರಿಟ್ಟ ಸೆಟ್‌ನಲ್ಲೂ ಅದು ಇಲ್ಲ. ಹಳೆಯ ಆಲ್ಬಂ ಕೊಡಬೇಡಿ. ಹೊಸದರ ಪಕ್ಕದಲ್ಲೇ ಇಟ್ಟುಕೊಳ್ಳಿ.